ಷಡ್ಡಕನ ಗಾಡಿಯ ಅಳತೆ

ನಮ್ಮ ಮನೆಯಲ್ಲಿ ಶುಂಠಿ ಜಜ್ಜುವುದು ಒಂದು ಕಬ್ಬಿಣದ ಗುಂಡಿನಿಂದ. ದೊಡ್ಡ ನಿಂಬೆಹಣ್ಣಿನ ಗಾತ್ರ, ನುಣ್ಣಗೆ ಹೊಳೆಯುವ ಮೈ, ಕೆಳಗೆ ತಿರುಪಿರುವ ದಪ್ಪ ಕಾಲು. ಆ ಕಾಲನ್ನೇ ಹಿಡಿ ಮಾಡಿಕೊಂಡು ನನ್ನ ಹೆಂಡತಿ ಗಿರಿಜಾ ಏಲಕ್ಕಿ, ಮೆಣಸು, ಬೆಳ್ಳುಳ್ಳಿ ಏನು ಸಿಕ್ಕರೂ ಕುಟ್ಟುತ್ತಾಳೆ. ಮನೆಗೆ ಬಂದ ಹೆಂಗಸರು ಅದನ್ನು ಕೈಗೆತ್ತಿಕೊಂಡು, "ಇದೆಲ್ಲಿ ಸಿಗುತ್ತೆ ರೀ?" ಎಂದು ಕೇಳುವುದುಂಟು. ಗಿರಿಜಾ ನನ್ನ ಕಡೆ ಒಮ್ಮೆ ನೋಡಿ, "ಅಂಗಡೀಲಿ ಸಿಗಲ್ಲ ಕಣ್ರೀ. ಅದು ನಮ್ಮ ಮನೆಯವರ ಹೊಟ್ಟೆಕಿಚ್ಚು. ಚೆನ್ನಾಗಿ ಜಜ್ಜುತ್ತೆ" ಎನ್ನುತ್ತಾಳೆ. ನಾನು ಪೇಪರಿನಿಂದ ತಲೆ ಎತ್ತುವುದಿಲ್ಲ.

ಅವಳು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಆ ಗುಂಡು ಒಂದು ಕಾಲಕ್ಕೆ ನನ್ನ ಹಳೆಯ ಅಂಬಾಸಿಡರ್ ಕಾರಿನ ಬೆನ್ನಿಗೆ ಅಂಟಿಕೊಂಡಿತ್ತು. ಅದರ ತಲೆಯ ಮೇಲೆ ಬೋರಲು ಬಟ್ಟಲಿನಂಥ ಒಂದು ಟೊಪ್ಪಿ ಕೂರುತ್ತಿತ್ತು. ಆ ಟೊಪ್ಪಿಯ ಹಿಂದೆ ಎರಡು ಚಕ್ರದ ಒಂದು ಪುಟ್ಟ ಮನೆ. ಮಲಗಲು ಹಲಗೆಗಳು, ಒಂದು ಸ್ಟೋವು, ಹೂವಿನ ಪರದೆ ಕಟ್ಟಿದ ಎರಡು ಕಿಟಕಿ. ಕಾರಿನ ಹಿಂದೆ ಕಟ್ಟಿಕೊಂಡು ಊರು ಸುತ್ತುವ ಟ್ರೇಲರ್. ಹಲಸೂರಿನ ಬಾಡಿಗೆ ಮನೆಯಲ್ಲಿದ್ದ ವಿಮೆ ಕಚೇರಿಯ ಗುಮಾಸ್ತನಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಬೇಕಿರಲಿಲ್ಲ. ನನ್ನ ಷಡ್ಡಕನ ಹತ್ತಿರ ಒಂದು ಇತ್ತು, ಅಷ್ಟೆ.

ಷಡ್ಡಕ ಎನ್ನುವ ಸಂಬಂಧವೇ ವಿಚಿತ್ರ. ಅಣ್ಣತಮ್ಮಂದಿರಾದರೆ ಜಗಳವಾಡಿ ಬೇರೆಯಾಗಬಹುದು, ಸ್ನೇಹಿತನಾದರೆ ಮಾತು ಬಿಡಬಹುದು. ಷಡ್ಡಕನ ವಿಷಯದಲ್ಲಿ ಎರಡೂ ಆಗುವುದಿಲ್ಲ. ಮಾವನ ಮನೆಯ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತು, ಅವನ ಎಲೆಗೆ ತುಪ್ಪ ಎಷ್ಟು ಬಿತ್ತು ಎಂದು ಓರೆಗಣ್ಣಿನಲ್ಲಿ ನೋಡುತ್ತ ಜೀವಮಾನವೆಲ್ಲ ಉಣ್ಣಬೇಕು. ನನ್ನ ಷಡ್ಡಕ ಚಂದ್ರಮೌಳಿ, ಗಿರಿಜಾಳ ಅಕ್ಕ ಶೈಲಕ್ಕನ ಗಂಡ, ಒಂದು ದೊಡ್ಡ ಕಾರ್ಖಾನೆಯಲ್ಲಿ ಇಂಜಿನಿಯರ್. ಇಂದಿರಾನಗರದಲ್ಲಿ ಸ್ವಂತ ಮನೆ, ಗೇಟಿನ ಒಳಗೆ ಜೀಪು. ನನಗಿಂತ ಆರು ವರ್ಷ ದೊಡ್ಡವರು. ಎದುರಿಗೆ ನಾನು ಅವರನ್ನು 'ನೀವು' ಎನ್ನುತ್ತಿದ್ದೆ. ಮನಸ್ಸಿನಲ್ಲಿ 'ನೀನು' ಎನ್ನುತ್ತಿದ್ದೆ. ಕೆಲವು ದಿನ ಅದಕ್ಕಿಂತ ಕೆಳಗೂ ಇಳಿಯುತ್ತಿದ್ದೆ.

ಅವರು ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಜಂಬವಿದ್ದರೂ ಸಾಕಿತ್ತು. ಯಾವುದೂ ಇರಲಿಲ್ಲ. ಒಂದು ಬೇಸಿಗೆಯಲ್ಲಿ ನಾವಿಬ್ಬರೂ ರಸೆಲ್ ಮಾರುಕಟ್ಟೆಗೆ ಹೋಗಿ ಒಂದೇ ರಾಶಿಯಿಂದ ಒಂದೊಂದು ಕಲ್ಲಂಗಡಿ ತಂದೆವು. ನಾನು ಹತ್ತು ಹಣ್ಣು ಬಡಿದು, ಕಿವಿಗಿಟ್ಟು ಕೇಳಿ, ತೊಟ್ಟು ಮೂಸಿ ಆರಿಸಿದೆ. ಅವರು ಅಂಗಡಿಯವನ ಜೊತೆ ಮಾತಾಡುತ್ತ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರು. ಮನೆಗೆ ಬಂದು ಕೊಯ್ದರೆ ಅವರದು ಕುಂಕುಮ, ನನ್ನದು ಬೂದುಗುಂಬಳ. "ಅಯ್ಯೋ, ಇದನ್ನ ತಗೊಳ್ಳಿ ನಾಗರಾಜ್, ನಮ್ಮನೇಲಿ ಅಷ್ಟು ತಿನ್ನೋರಿಲ್ಲ" ಎಂದು ಅವರ ಹಣ್ಣಿನ ಅರ್ಧ ನಮಗೇ ಕೊಟ್ಟರು. ನಾನು ತಿಂದೆ. ಅಷ್ಟು ಸಿಹಿಯಾದ ಹಣ್ಣನ್ನು ಅಷ್ಟು ಸಂಕಟಪಟ್ಟುಕೊಂಡು ಇನ್ಯಾರೂ ತಿಂದಿರಲಾರರು.

ಈ ರೋಗ ನನಗೆ ಮದುವೆಯಾದ ಮೇಲೆ ಬಂದದ್ದಲ್ಲ. ದಾವಣಗೆರೆಯಲ್ಲಿ ನಾವು ಚಿಕ್ಕವರಿದ್ದಾಗ ನಮ್ಮ ಕೇರಿಯಲ್ಲಿ ಹನುಮಂತಪ್ಪ ಎಂಬ ಗಾಡಿಯವನಿದ್ದ. ಹತ್ತಿ ಗಿರಣಿಗೆ ಅಂಡಿಗೆ ಮೂಟೆಗಳನ್ನು ಸಾಗಿಸಿ ಬರಿಗಾಡಿಯಲ್ಲಿ ಮರಳುವಾಗ ಕೇರಿಯ ಹುಡುಗರನ್ನು ಹತ್ತಿಸಿಕೊಳ್ಳುತ್ತಿದ್ದ. ಪಕ್ಕದ ಮನೆಯ ರುದ್ರೇಶನನ್ನು ಮಾತ್ರ ಮುಂದೆ, ನೊಗಕ್ಕೆ ಸೇರುವ ಮೂಕಿಯ ಮರದ ಮೇಲೆ ಕೂರಿಸಿ ಹಗ್ಗ ಹಿಡಿಸುತ್ತಿದ್ದ. ನಮ್ಮನ್ನೆಲ್ಲ ಹಿಂದೆ ತುಂಬುತ್ತಿದ್ದ. ನಾವು ಹಿಂದೆಯೇ ಗುಂಪುಗೂಡಿದರೆ ಮೂಕಿ ಮೇಲೆದ್ದು ಎತ್ತಿನ ಕೊರಳನ್ನು ನೊಗಕ್ಕೆ ಕಟ್ಟುವ ಜತ್ತಿಗೆ ಪಟ್ಟಿ ಬಿಗಿಯುತ್ತಿತ್ತು. "ಮುಂದ್ಕ ಸರೀರಲೇ, ಎತ್ತಿನ ಜೀವ ತಗೀತೀರಿ" ಎಂದು ಅವನು ಬೈಯುತ್ತಿದ್ದ. ಎಲ್ಲರೂ ಸರಿಯುತ್ತಿದ್ದರು. ರುದ್ರೇಶನ ಬೆನ್ನು ನೋಡಲಾರದೆ ನಾನೊಬ್ಬ ಹಿಂದೆಯೇ ಕಾಲು ಇಳಿಬಿಟ್ಟು ಕೂರುತ್ತಿದ್ದೆ. ಹತ್ತು ವರ್ಷದ ಹುಡುಗನ ಹೊಟ್ಟೆಯಲ್ಲಿ ಅಷ್ಟು ಉರಿ ಎಲ್ಲಿ ಹಿಡಿಸುತ್ತಿತ್ತೋ ಗೊತ್ತಿಲ್ಲ.

ಟ್ರೇಲರಿಗೆ ಬರುತ್ತೇನೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆಯ ಸಾಮಾನಿನ ಗಾಡಿಗಳು ಆಗ ಶಿವಾಜಿನಗರದ ಗುಜರಿಗಳಿಗೆ ಬರುತ್ತಿದ್ದವು. ಚಂದ್ರಮೌಳಿ ಅಂಥದೊಂದು ಎರಡು ಚಕ್ರದ ಗಾಡಿ ತಂದು, ಅದರ ಮೇಲೆ ಪ್ಲೈವುಡ್ ಮತ್ತು ತಗಡಿನ ಮನೆ ಕಟ್ಟಿ, ತಿಳಿನೀಲಿ ಬಣ್ಣ ಹೊಡೆದು, ಒಂದು ಶನಿವಾರ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದರು. ಓಣಿಯೆಲ್ಲ ಹೊರಗೆ ಬಂತು. ನಮ್ಮ ಮಗಳು ಚಿತ್ರಾ, ಆಗ ಎಂಟು ವರ್ಷದವಳು, ಒಳಗೆ ಹೋದವಳು ಊಟಕ್ಕೆ ಕರೆದರೂ ಹೊರಗೆ ಬರಲಿಲ್ಲ. ಆಮೇಲೆ ಎರಡು ವರ್ಷ ಪ್ರತಿ ರಜೆಯಲ್ಲೂ ಅವಳು ಶೈಲಕ್ಕನ ಮನೆಯ ಮಕ್ಕಳ ಜೊತೆ ದೊಡ್ಡಪ್ಪನ ಗಾಡಿಯಲ್ಲಿ ಹೋದಳು. ಬಂದ ಮೇಲೆ ವಾರಗಟ್ಟಲೆ ಅದೇ ಮಾತು. ದೊಡ್ಡಪ್ಪ ಕೆರೆ ಪಕ್ಕ ಗಾಡಿ ನಿಲ್ಲಿಸಿದ್ರು. ದೊಡ್ಡಪ್ಪ ದೋಸೆ ಹುಯ್ದ್ರು. ದೊಡ್ಡಪ್ಪಂಗೆ ಎಲ್ಲಾ ಗೊತ್ತು.

ನಾನು ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಸಹಿಸಿದೆ. ಆದರೆ ಒಂದು ದಿನ ಅವಳ ಶಾಲೆಯ ಪುಸ್ತಕಕ್ಕೆ ರಟ್ಟು ಹಾಕುವಾಗ 'ನಾನು ಮೆಚ್ಚಿದ ವ್ಯಕ್ತಿ' ಎಂಬ ಪ್ರಬಂಧ ಕಣ್ಣಿಗೆ ಬಿತ್ತು. ಎರಡು ಪುಟ, ಪೂರ್ತಿ ದೊಡ್ಡಪ್ಪ. ಟೀಚರು ಕೆಂಪು ಶಾಯಿಯಲ್ಲಿ 'ತುಂಬಾ ಚೆನ್ನಾಗಿದೆ' ಎಂದು ಬರೆದಿದ್ದರು. ನನ್ನ ಪ್ರಸ್ತಾಪವೂ ಇತ್ತು, ಇಲ್ಲವೆಂದಲ್ಲ. ಕೊನೆಯಲ್ಲಿ ಒಂದು ಸಾಲು: 'ನಮ್ಮ ತಂದೆಯವರು ವಿಮೆ ಕಚೇರಿಯಲ್ಲಿದ್ದಾರೆ.' ನಾನು ರಟ್ಟು ಹಾಕಿ ಮುಗಿಸಿದೆ. ಅಂಟು ಒಣಗಲೆಂದು ಪುಸ್ತಕದ ಮೇಲೆ ಭಾರ ಇಟ್ಟೆ. ಆಮೇಲೆ ಬಚ್ಚಲುಮನೆಗೆ ಹೋಗಿ ಮುಖ ತೊಳೆದುಕೊಂಡೆ. ನನ್ನ ಮಗಳನ್ನು ಬೇರೊಬ್ಬರು ಕಸಿದುಕೊಂಡಿದ್ದಾರೆ ಎಂದು ಅವತ್ತು ಅನ್ನಿಸಿತು. ಅವಳ ಬಾಯಲ್ಲಿ 'ನಮ್ಮಪ್ಪ' ಎಂದು ಒಮ್ಮೆ ಆ ದನಿಯಲ್ಲಿ ಕೇಳಿಸಿಕೊಳ್ಳಲೇಬೇಕು ಎಂದುಕೊಂಡೆ. ಅದಕ್ಕೆ ನನಗೆ ಹೊಳೆದ ದಾರಿ ಒಂದೇ.

ಕಚೇರಿಯ ಸಹೋದ್ಯೋಗಿಯೊಬ್ಬರು ಮಾರಲಿದ್ದ ಅಂಬಾಸಿಡರ್ ಕೊಂಡೆ. ಶಿವಾಜಿನಗರದಲ್ಲಿ ನಾನೂ ಒಂದು ಮಿಲಿಟರಿ ಗಾಡಿ ಹಿಡಿದೆ. ಮೇಲಿನ ಮನೆ ಕಟ್ಟಿಸಿದೆ. ಚಂದ್ರಮೌಳಿಯವರದಕ್ಕಿಂತ ಅರ್ಧ ಅಡಿ ಉದ್ದ, ಬಣ್ಣ ಕಡುನೀಲಿ. ಗಿರಿಜಾ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿ, "ಹಲಸೂರಿಂದ ಆಫೀಸಿಗೆ ಹೋಗೋಕೆ ಬಸ್ಸು ಸಾಕಾಗ್ತಿರಲಿಲ್ವಾ?" ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು.

ಉಳಿದದ್ದು ಗಾಡಿಯನ್ನು ಕಾರಿಗೆ ಸೇರಿಸುವ ಕೊಂಡಿ. ಓದಿದವರು ಹಿಚ್ ಎನ್ನುತ್ತಿದ್ದರು, ಶಿವಾಜಿನಗರದಲ್ಲಿ ಹುಕ್ಕು ಎನ್ನುತ್ತಿದ್ದರು. ಅದನ್ನು ಮಾಡುವವರು ರಹಮತ್ ಭಾಯ್. ಎರಡು ಗೋಡೌನುಗಳ ನಡುವಿನ ಸಂದಿಯಲ್ಲಿ ಅವರ ವೆಲ್ಡಿಂಗ್ ಅಂಗಡಿ. ಬಿಳಿ ಗಡ್ಡ, ಹಣೆಗೇರಿಸಿದ ಕಪ್ಪು ಕನ್ನಡಕ, ಮಾತು ಅರ್ಧ ಕನ್ನಡ ಅರ್ಧ ದಖ್ಖನಿ. ನಾನು ಹೋದೊಡನೆ ಕೇಳಿದೆ, "ಹಿಂದಿನ ಗಾಡಿ ಜೋಲಿ ಹೊಡೀಬಾರದು. ಅದಕ್ಕೆ ಎಲ್ಲಕ್ಕಿಂತ ಒಳ್ಳೇ ಹುಕ್ಕು ಯಾವುದು?"

ರಹಮತ್ ಭಾಯ್ ನನಗೊಂದು ಸ್ಟೂಲು ಕೊಟ್ಟು, ಚಹಾ ತರಿಸಿ, ನೆಲದ ಮೇಲೆ ಒಂದೊಂದೇ ಇಟ್ಟು ತೋರಿಸಿದರು. ಮಿಲಿಟರಿಯವರ ಬಳೆ ಮತ್ತು ಕೊಕ್ಕೆ: ಗಟ್ಟಿ, ಆದರೆ ಸಡಿಲ, ದಾರಿಯುದ್ದಕ್ಕೂ ಗಡಗಡ ಎನ್ನುತ್ತದೆ. ಆಮೇಲೆ ಗುಂಡು ಮತ್ತು ಟೊಪ್ಪಿ. ಆ ಗುಂಡಿನ ಪಕ್ಕಕ್ಕೆ ಒಂದು ಉಕ್ಕಿನ ಪಟ್ಟಿ ಕೂರಿಸಿ, ಬ್ರೇಕಿನಂತೆ ಬಿಗಿ ಹಿಡಿಯುವ ಹಾಗೆ ಮಾಡಿದರೆ ಗಾಡಿ ಬಾಲ ಆಡಿಸುವುದು ಕಡಿಮೆಯಾಗುತ್ತದೆ. ಇನ್ನೊಂದು, ಲಾರಿಯ ಕಮಾನಿನ ಪಟ್ಟೆಗಳನ್ನು ಎರಡೂ ಕಡೆ ಸರಪಳಿಯಿಂದ ಎಳೆದು ಕಟ್ಟುವಂಥದ್ದು. ಗಾಡಿಯ ಭಾರ ಕಾರಿನ ಹಿಂಚಕ್ರದ ಮೇಲೆ ಮಾತ್ರ ಬೀಳದೆ ಮುಂಚಕ್ರಕ್ಕೂ ಹಂಚಿಕೆಯಾಗುತ್ತದೆ. ಅದು ದೊಡ್ಡ ಗಾಡಿಗೆ.

"ಮಗರ್ ಸಾಬ್," ಎಂದರು ರಹಮತ್ ಭಾಯ್, "ಹುಕ್ಕು ಆಮೇಲೆ. ಪಹಲೇ ನೀವು ಗಾಡಿಗೆ ಸಾಮಾನು ತುಂಬ್ಕೊಂಡು ಇಲ್ಲಿಗೆ ತನ್ನಿ. ಭಾರ ಮುಂದೆ ಇರ್ಬೇಕು. ಗಾಡಿ ನೆಟ್ಟಗೆ ನಿಂತ್ಮೇಲೆ ನಾನು ಎತ್ತರ ಅಳೀತೀನಿ. ಮೂತಿ ಒಂದ್ ಚೂರು ಕೆಳಗಿರ್ಬೇಕು, ಮೇಲಿರ್ಬಾರ್ದು. ಈ ಪಟ್ಟಿ ಗಿಟ್ಟಿ ಎಲ್ಲಾ ಅಲ್ಲಾಡೋದನ್ನ ಹಿಡಿಯುತ್ತೆ ಅಷ್ಟೇ. ಯಾಕೆ ಅಲ್ಲಾಡುತ್ತೆ, ಅದನ್ನ ನಾವೇ ಹಿಡೀಬೇಕು."

ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಯಾವುದನ್ನೂ ಹೇಳಿಕೊಟ್ಟಿಲ್ಲ. ನಾನು ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಪ್ರಶ್ನೆ ಬೇರೆ ಇತ್ತು. "ಇಂದಿರಾನಗರದ ಚಂದ್ರಮೌಳಿಯವರು ಯಾವುದು ಹಾಕಿಸಿದ್ದಾರೆ?"

"ಅವ್ರಾ? ಗುಂಡು, ಪಕ್ಕಕ್ಕೆ ಒಂದು ಪಟ್ಟಿ."

"ನನಗೆ ಎರಡು ಪಟ್ಟಿ ಹಾಕಿ."

ರಹಮತ್ ಭಾಯ್ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಅವರ ಅಂಗಡಿಗೆ ನನ್ನಂಥವರು ಮೊದಲೂ ಬಂದಿರಬೇಕು. "ಹಾಕೋಣ. ಎತ್ತರ ಎಷ್ಟು ಇಡ್ಲಿ?" ಎಂದರು. ನಾಳೆ ಹೇಳುತ್ತೇನೆ ಎಂದು ಎದ್ದು ಬಂದೆ.

ಗಾಡಿಗೆ ಸಾಮಾನು ತುಂಬಿ ಶಿವಾಜಿನಗರದ ಆ ಸಂದಿಗೆ ತರುವ ಕಷ್ಟ ಯಾರಿಗೆ ಬೇಕು? ಚಂದ್ರಮೌಳಿಯವರನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಅವರು ಸಂತೋಷವಾಗಿ ಹೇಳುತ್ತಿದ್ದರು, ಮನೆಗೇ ಬಂದು ಅಳೆದುಕೊಡುತ್ತಿದ್ದರು, ಚಿತ್ರಾ ಅದನ್ನೂ ಪ್ರಬಂಧಕ್ಕೆ ಸೇರಿಸುತ್ತಿದ್ದಳು. ಹಾಗಾಗಿ ಕೇಳಲಿಲ್ಲ. ಆ ವಾರ ಅವರ ಮನೆಯವರೆಲ್ಲ ಮೈಸೂರಿಗೆ ಮದುವೆಗೆ ಹೋಗಿದ್ದರು. ಗಿಡಗಳಿಗೆ ನೀರು ಹಾಕಲು ಗೇಟಿನ ಬೀಗದ ಕೈ ನಮಗೆ ಕೊಟ್ಟಿದ್ದರು. ನಾನು ಗಿರಿಜಾಳ ಹೊಲಿಗೆ ಪೆಟ್ಟಿಗೆಯಿಂದ ಅಳತೆ ಟೇಪು ತೆಗೆದು ಜೇಬಿಗೆ ಹಾಕಿಕೊಂಡು, ಭಾನುವಾರ ಬೆಳಿಗ್ಗೆ, ಬಹಳ ಜವಾಬ್ದಾರಿಯ ಮನುಷ್ಯನಂತೆ ಗಿಡಗಳಿಗೆ ನೀರು ಹಾಕಲು ಹೋದೆ.

ಮಳೆಗಾಲ. ಟ್ರೇಲರಿನ ಮೇಲೆ ಟಾರ್ಪಾಲು ಹೊದಿಸಿದ್ದರು. ಮೂತಿಯ ಕೆಳಗೆ ಎರಡು ಸೈಜುಗಲ್ಲು ಒಂದರ ಮೇಲೊಂದು ಇಟ್ಟಿದ್ದರು. ಕಲ್ಲು ನನಗೆ ಕಾಣಿಸಲಿಲ್ಲವೆಂದಲ್ಲ. ಕೆಸರು ತಾಗದಿರಲಿ ಎಂದು ಇಟ್ಟಿರಬೇಕು ಎಂದುಕೊಂಡೆ. ಟಾರ್ಪಾಲಿನ ಕೆಳಗೆ ಮೊಣಕಾಲೂರಿ ನುಗ್ಗಿ, ಟೊಪ್ಪಿಯಿಂದ ನೆಲಕ್ಕೆ ಟೇಪು ಹಿಡಿದು ಎರಡು ಸಲ ಅಳೆದು, ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಇಪ್ಪತ್ತೆರಡೂವರೆ ಇಂಚು. ಅಷ್ಟರಲ್ಲಿ ಪಕ್ಕದ ಮನೆಯ ಅಮ್ಮ ಕಾಂಪೌಂಡಿನ ಮೇಲಿಂದ ಬಗ್ಗಿ, "ಏನ್ ಸಾರ್ ಮಾಡ್ತಿದೀರಾ ಅಲ್ಲಿ?" ಎಂದರು. ನಾನು ಟಾರ್ಪಾಲಿನ ಒಳಗಿನಿಂದಲೇ, "ಬೆಕ್ಕು ಸೇರ್ಕೊಂಡಿತ್ತು, ಓಡಿಸ್ತಿದೀನಿ" ಎಂದೆ. ಒಂದೆರಡು ಸಲ ಉಷ್, ಉಷ್ ಎಂದೂ ಅಂದೆ. ಆ ದಿನ ಗಿಡಗಳಿಗೆ ನೀರು ಹಾಕಲು ಮರೆತೆ.

ಮರುದಿನ ರಹಮತ್ ಭಾಯ್‌ಗೆ ಅಳತೆ ಕೊಟ್ಟೆ. ಅವರು ಟಿಕೆಟ್ಟನ್ನು ಕಣ್ಣಿನ ಹತ್ತಿರ ಹಿಡಿದು, "ಇಷ್ಟು ಎತ್ತರನಾ ಸಾಬ್? ನಾಪ್ ಸರಿ ಇದೆಯಾ?" ಎಂದರು. ನಾನೇ ಅಳೆದಿದ್ದೇನೆ ಎಂದೆ. ಅದು ನಿಜವೂ ಆಗಿತ್ತು. "ನಿಮ್ಮ ಮೇಲೆ ನಂಬಿಕೆ ಇದೆ ಸಾಬ್. ಆದ್ರೂ ಗುಂಡು ಇಳಿಸ್ಬೇಕಾದ್ರೆ ಇರ್ಲಿ ಅಂತ ಕೆಳಗೆ ನಾಲ್ಕು ತೂತು ಜಾಸ್ತಿ ಹಾಕಿರ್ತೀನಿ" ಎಂದು ಹೇಳಿ ವೆಲ್ಡಿಂಗ್ ಕನ್ನಡಕ ಇಳಿಸಿಕೊಂಡರು.

ಗಾಡಿ ಕಟ್ಟಿ ನಿಲ್ಲಿಸಿದಾಗ ಅದರ ಮೂತಿ ಮೇಲಿತ್ತು. ಕತ್ತೆತ್ತಿ ನಿಂತ ಕುದುರೆಯಂತೆ ಠೀವಿಯಾಗಿದೆ ಎಂದು ನನಗೆ ಅನ್ನಿಸಿತು. ಗಿರಿಜಾ, "ಯಾಕ್ರೀ ಇದು ಆಕಾಶ ನೋಡ್ತಿದೆ?" ಎಂದಳು. ಅವಳಿಗೆ ತಾಂತ್ರಿಕ ವಿಷಯ ತಿಳಿಯುವುದಿಲ್ಲ ಎಂದು ನಕ್ಕುಬಿಟ್ಟೆ.

ದಸರಾ ರಜೆಯಲ್ಲಿ ಎರಡೂ ಮನೆಯವರು ಒಟ್ಟಿಗೆ ಹೊರಟೆವು. ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ದಾರಿಯಲ್ಲಿ ಚಂದ್ರಮೌಳಿಯವರ ಸ್ನೇಹಿತರದೊಂದು ಮಾವಿನ ತೋಪು. ಅಲ್ಲಿ ಎರಡು ದಿನ ಗಾಡಿ ನಿಲ್ಲಿಸುವುದೆಂದು ಮಾತಾಗಿತ್ತು. ಹಿಂದಿನ ದಿನ ನಮ್ಮ ಬೀದಿಗೆ ಕಾವೇರಿ ನೀರು ಬಿಟ್ಟಿದ್ದರು. ಹೋದಲ್ಲಿ ನೀರು ಹೇಗೋ ಏನೋ ಎಂದು ಗಿರಿಜಾ ದೊಡ್ಡ ಡ್ರಮ್ಮು ತುಂಬಿಸಿದಳು. ಪೂರ್ವ ಬೆಂಗಳೂರಿನ ಬಾಡಿಗೆ ಮನೆಯವರಿಗೆ ನೀರು ಬಿಟ್ಟು ಹೊರಡುವುದು ಸಾಧ್ಯವೇ ಇಲ್ಲ. ಅದನ್ನು ಎಲ್ಲಿಡುವುದು? ಒಳಗೆ ಓಡಾಡಲು ಅಡ್ಡವಾಗದಿರಲಿ ಎಂದು ಗಾಡಿಯ ಹಿಂದಿನ ಮೂಲೆಗೆ ನಾನೇ ತಳ್ಳಿದೆ. ಅದರ ಪಕ್ಕ ಅಕ್ಕಿ, ಸ್ಟೋವು, ಹಾಸಿಗೆ ಸುರುಳಿ.

ಚಿತ್ರಾ ಅವತ್ತು ಎಲ್ಲರಿಗಿಂತ ಮೊದಲು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು. ದೊಡ್ಡಪ್ಪನ ಜೀಪು ಪಕ್ಕದಲ್ಲೇ ನಿಂತಿತ್ತು. ಅವಳು ಅದರ ಕಡೆ ನೋಡಲೂ ಇಲ್ಲ. "ಅಪ್ಪ, ನಾವೇ ಮುಂದೆ ಹೋಗೋಣ" ಎಂದಳು. ನನಗೆ ಅಷ್ಟು ಸಾಕಾಗಿತ್ತು. ಮುಂದೆ ನಾವೇ ಹೋದೆವು.

ಕೆ.ಆರ್. ಪುರದ ರೈಲ್ವೆ ಗೇಟು ಹಾಕಿತ್ತು. ಬಸ್ಸುಗಳ ಕಿಟಕಿಯಿಂದ ಜನ ಇಣುಕಿ ನೋಡುತ್ತಿದ್ದರು. ಕಡಲೆಕಾಯಿ ಮಾರುವವಳೊಬ್ಬಳು ಬಂದು ನನ್ನ ಗಾಡಿಯನ್ನು ತಟ್ಟಿ, "ಇದೇನಣ್ಣ, ಐಸ್‌ಕ್ರೀಮ್ ಗಾಡಿನಾ?" ಎಂದು ಕೇಳಿದಳು. ಆಮೇಲೆ ಹಿಂದಿನ ತಿಳಿನೀಲಿಯ ಕಡೆ ಕೈ ತೋರಿಸಿ, "ಅದು ಚೆನ್ನಾಗೈತೆ" ಎಂದಳು. ನಾನು ಕಡಲೆಕಾಯಿ ಕೊಳ್ಳಲಿಲ್ಲ.

ಹೊಸಕೋಟೆ ದಾಟಿದ ಮೇಲೆ ರಸ್ತೆ ಬಿಡುವಾಯಿತು. ನಾನು ವೇಗ ಹೆಚ್ಚಿಸಿದೆ. ಕನ್ನಡಿಯಲ್ಲಿ ಜೀಪು ಚಿಕ್ಕದಾಗುವುದನ್ನು ನೋಡುವ ಆಸೆ. ಎರಡು ಪಟ್ಟಿಗಳೂ ಹಿಂದೆ ಕೀಚುಕೀಚು ಎನ್ನುತ್ತಿದ್ದವು. ಕೆಲಸ ಮಾಡುತ್ತಿವೆ ಎಂದು ಸಮಾಧಾನಪಟ್ಟೆ. ಒಂದು ಇಳಿಜಾರಿನಲ್ಲಿ ಬಸ್ಸೊಂದು ಹಾರನ್ ಹೊಡೆಯುತ್ತ ಬಂದು ನಮ್ಮನ್ನು ದಾಟಿತು. ಅದರ ಗಾಳಿ ತಾಗಿದ್ದೇ ತಡ, ಹಿಂದಿನ ಮನೆ ಎಡಕ್ಕೊಮ್ಮೆ ಓಲಿತು. ಆಮೇಲೆ ಬಲಕ್ಕೆ, ಇನ್ನೂ ಜೋರಾಗಿ. ಕಾರಿನ ಹಿಂಭಾಗವನ್ನು ಯಾರೋ ಹಿಡಿದು ಅತ್ತಿತ್ತ ಎಳೆದಾಡಿದಂತಾಯಿತು. ಕೈಯಲ್ಲಿ ಸ್ಟೇರಿಂಗು ಇತ್ತು, ಅದಕ್ಕೂ ಚಕ್ರಕ್ಕೂ ಸಂಬಂಧವೇ ಇಲ್ಲದಂತಿತ್ತು. ಬ್ರೇಕು ಒತ್ತಿದೆ. ಓಲಾಟ ಇಮ್ಮಡಿಯಾಯಿತು. ಗಿರಿಜಾ ಬಾಗಿಲಿನ ಹಿಡಿ ಹಿಡಿದುಕೊಂಡಳು. ಹಿಂದಿನಿಂದ ಚಿತ್ರಾಳ ಎರಡು ಪುಟ್ಟ ಕೈಗಳು ನನ್ನ ಅಂಗಿಯ ಕಾಲರನ್ನು ಬಿಗಿಯಾಗಿ ಹಿಡಿದವು. ಎದುರಿಗೊಂದು ಲಾರಿ ಬರುತ್ತಿತ್ತು. ನಾನು ಪೆಡಲುಗಳಿಂದ ಎರಡೂ ಕಾಲು ಎತ್ತಿಬಿಟ್ಟೆ. ಬುದ್ಧಿಯಿಂದಲ್ಲ, ಹೆದರಿಕೆಯಿಂದ. ಪುಣ್ಯಕ್ಕೆ ಇಳಿಜಾರು ಮುಗಿದು ಏರು ಬಂತು. ವೇಗ ತಾನಾಗಿ ಇಳಿಯಿತು. ಲಾರಿ ಬೈದುಕೊಂಡು ಪಕ್ಕದಲ್ಲಿ ಹಾದುಹೋಯಿತು. ಹುಣಸೆಮರವೊಂದರ ಕೆಳಗೆ ಗಾಡಿ ನಿಲ್ಲಿಸಿದೆ.

ಎರಡು ಇಂಚಿನ ಗುಂಡಿನ ಮೇಲೆ ನನ್ನ ಮಗಳ ಜೀವ ಇಟ್ಟು, ಕನ್ನಡಿಯಲ್ಲಿ ಷಡ್ಡಕನನ್ನು ನೋಡುತ್ತ ಬಂದಿದ್ದೆ. ಇದು ಆಗಲೇ ತಿಳಿಯಿತು. ತಿಳಿದ ಮೇಲೆ ಒಳ್ಳೆಯವನಾಗಬೇಕಿತ್ತು. ಆಗಲಿಲ್ಲ. ಜೀಪು ಬಂದು ಹಿಂದೆ ನಿಂತಿತು. ಚಿತ್ರಾ ಬಾಗಿಲು ತೆಗೆದು ಇಳಿದಳು. ನನ್ನನ್ನು ದಾಟಿ ನೆಟ್ಟಗೆ ಹೋಗಿ ಚಂದ್ರಮೌಳಿಯವರ ಕೈ ಹಿಡಿದುಕೊಂಡಳು. "ನಾನು ದೊಡ್ಡಪ್ಪನ ಗಾಡೀಲಿ ಬರ್ತೀನಿ" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ನನ್ನ ಎದೆಯಲ್ಲಿ ಎದ್ದ ಉರಿ ಲಾರಿ ಎದುರಿಗೆ ಬಂದಾಗಿನ ಹೆದರಿಕೆಗಿಂತ ಹೆಚ್ಚಿನದು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಚಂದ್ರಮೌಳಿ ಹೆಂಗಸರನ್ನೂ ಮಕ್ಕಳನ್ನೂ ಮರದ ನೆರಳಿಗೆ ಕಳಿಸಿ, ನನ್ನ ಗಾಡಿಯ ಸುತ್ತ ಒಂದು ಸುತ್ತು ಬಂದರು. ದೂರ ಹೋಗಿ ಪಕ್ಕದಿಂದ ನೋಡಿದರು. ಒಳಗೆ ಹೋಗಿ ಡ್ರಮ್ಮು ನೋಡಿದರು. ಕೊನೆಗೆ ಗುಂಡಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಅಲ್ಲಿಂದ ನೆಲಕ್ಕೆ ಮೊಳ ಹಾಕಿ ಅಂದಾಜು ಅಳೆದರು. ಆಮೇಲೆ ತಲೆ ಎತ್ತದೆ, ನನಗೆ ಮಾತ್ರ ಕೇಳುವಂತೆ ಹೇಳಿದರು:

"ಮೈಸೂರಿಂದ ಬಂದಾಗ ಪಕ್ಕದ್ಮನೆಯವ್ರು ಹೇಳಿದ್ರು, ನಮ್ಮ ಗಾಡಿ ಕೆಳಗೆ ಬೆಕ್ಕು ಸೇರ್ಕೊಂಡಿತ್ತಂತೆ."

ನಾನು ಹುಣಸೆಮರವನ್ನು ನೋಡುತ್ತಿದ್ದೆ.

"ಬೆಕ್ಕು ಅಳತೆ ಸರಿಯಾಗೇ ತಗೊಂಡಿದೆ ನಾಗರಾಜ್. ಆದ್ರೆ ಮಳೆನೀರು ಮೇಲ್ಗಡೆ ನಿಲ್ದೆ ಹಿಂದಕ್ಕೆ ಹರಿದು ಹೋಗ್ಲಿ ಅಂತ ನಾನು ಮೂತಿ ಎತ್ತಿ ಕಲ್ಲಿನ ಮೇಲೆ ಇಟ್ಟಿದ್ದೆ. ಓಡಿಸೋವಾಗ ಅದು ಐದಿಂಚು ಕೆಳಗಿರುತ್ತೆ. ಮೂತಿ ಮೇಲಿದ್ರೆ ಭಾರ ಎಲ್ಲಾ ಹಿಂದಕ್ಕೆ ಹೋಗುತ್ತೆ. ಅದರ ಜೊತೆ ಹಿಂದ್ಗಡೆ ಈ ಡ್ರಮ್ಮಿನ ನೀರು ಬೇರೆ. ಹುಕ್ಕಿನ ಮೇಲೆ ಭಾರಾನೇ ಇಲ್ಲ. ಎಷ್ಟು ಪಟ್ಟಿ ಹಾಕಿದ್ರೂ ಅಲ್ಲಾಡುತ್ತೆ."

"ಇವನು ನನ್ನನ್ನೇ ಒಂದು ಮಾತು ಕೇಳಬಾರದಿತ್ತಾ ಅಂತ ಅನ್ಕೋತಿದೀರಾ?" ಎಂದೆ. ನನ್ನ ದನಿ ಒರಟಾಗಿತ್ತು.

"ಇಲ್ಲಪ್ಪ," ಎಂದರು ಅವರು. "ಸ್ಪ್ಯಾನರ್ ಎಲ್ಲಿದೆ ಅಂತ ಅನ್ಕೋತಿದೀನಿ."

ರಹಮತ್ ಭಾಯ್ ಹಾಕಿದ್ದ ಹೆಚ್ಚಿನ ತೂತುಗಳು ಇದ್ದವು. ಮೂರು ತೂತು ಕೆಳಗಿಳಿಸಿ ಗುಂಡನ್ನು ಮತ್ತೆ ಬಿಗಿದರು. ಡ್ರಮ್ಮಿನ ನೀರನ್ನು ಅರ್ಧ ಹುಣಸೆಮರಕ್ಕೆ ಸುರಿದು, ಉಳಿದದ್ದನ್ನು ಇಬ್ಬರೂ ಸೇರಿ ಚಕ್ರಕ್ಕಿಂತ ಮುಂದಕ್ಕೆ ತಂದು ಕಟ್ಟಿದೆವು. ಅಕ್ಕಿ, ಸ್ಟೋವು ಎಲ್ಲ ಮುಂದೆ ಬಂದವು. ಗಾಡಿ ಈಗ ತಲೆ ತಗ್ಗಿಸಿ ನಿಂತಿತು. ಅವರು ನನ್ನ ಪಕ್ಕ ಕೂತರು, ಬರಿಯ ನಾವಿಬ್ಬರೇ ಎರಡು ಮೈಲಿ ಹೋಗಿ ಬಂದೆವು. ಎರಡು ಬಸ್ಸು ದಾಟಿದವು. ಹಿಂದಿನ ಮನೆ ಮಿಸುಕಾಡಲಿಲ್ಲ.

ಮರದ ಹತ್ತಿರ ವಾಪಸು ಬಂದಾಗ ಚಿತ್ರಾ ಜೀಪಿನ ಬಾನೆಟ್ಟಿಗೆ ಒರಗಿ ನಿಂತಿದ್ದಳು. ಚಂದ್ರಮೌಳಿ ಕೈ ಒರೆಸಿಕೊಳ್ಳುತ್ತ ಅವಳ ಹತ್ತಿರ ಹೋದರು.

"ನೋಡಮ್ಮ, ಏನು ತೊಂದರೆ ಅಂತ ನಿಮ್ಮಪ್ಪನೇ ಕಂಡುಹಿಡಿದ್ರು. ಗುಂಡು ಎತ್ತರ ಆಗಿತ್ತು. ನಾನು ಬರೀ ಸ್ಪ್ಯಾನರ್ ತಿರುಗಿಸಿದೆ. ಹೋಗು, ನಿಮ್ಮಪ್ಪನ ಪಕ್ಕ ಮುಂದುಗಡೆ ಕೂತ್ಕೋ. ಈಗ ಭಯ ಇಲ್ಲ."

ಅವಳು ನನ್ನ ಕಡೆ ತಿರುಗಿ ನೋಡಿದಳು. ಆ ನೋಟಕ್ಕಾಗಿ ನಾನು ಕಾರು ಕೊಂಡಿದ್ದೆ, ಗಾಡಿ ಕಟ್ಟಿಸಿದ್ದೆ, ಟಾರ್ಪಾಲಿನ ಕೆಳಗೆ ತೆವಳಿದ್ದೆ. ಗಿರಿಜಾ ಅಕ್ಕನ ಜೊತೆ ಜೀಪು ಹತ್ತಿದಳು. ಮುಂದಿನ ಸೀಟಿನಲ್ಲಿ ಚಿತ್ರಾ ಬಂದು ಕೂತಳು.

ನರಸಾಪುರ ಬರುವವರೆಗೆ ಅವಳು ನನ್ನನ್ನು ಹೊಗಳುತ್ತಲೇ ಇದ್ದಳು. "ಅಪ್ಪ, ನಿಂಗೆ ಹೇಗೆ ಗೊತ್ತಾಯ್ತು? ನೋಡಿದ ತಕ್ಷಣ ಗೊತ್ತಾಯ್ತಾ? ದೊಡ್ಡಪ್ಪಂಗೂ ಗೊತ್ತಾಗ್ಲಿಲ್ಲ ಅಲ್ವಾ?" ನಾನು ಹೂಂ ಹೂಂ ಎನ್ನುತ್ತಿದ್ದೆ. ಎರಡು ವರ್ಷ ಹಸಿದು ಕಾದ ಮಾತು. ಅದು ನನ್ನದಲ್ಲ, ಅವರು ಬಡಿಸಿದ್ದು ಎನ್ನುವುದು ಪ್ರತಿ ತುತ್ತಿಗೂ ಗೊತ್ತಾಗುತ್ತಿತ್ತು. ಕಲ್ಲಂಗಡಿಯನ್ನಾದರೂ ನುಂಗಿದ್ದೆ. ಇದನ್ನು ನುಂಗಲಾಗಲಿಲ್ಲ.

"ಚಿತ್ರಾ, ಕಂಡುಹಿಡಿದಿದ್ದು ನಾನಲ್ಲ. ದೊಡ್ಡಪ್ಪ" ಎಂದೆ. ಹೇಳಲು ಶುರು ಮಾಡಿದ ಮೇಲೆ ಎಲ್ಲವನ್ನೂ ಹೇಳಿದೆ. ಕದ್ದು ಅಳೆದದ್ದು, ಕಲ್ಲು, ಬೆಕ್ಕು, ಯಾವುದನ್ನೂ ಬಿಡಲಿಲ್ಲ. ಅವಳು ರಸ್ತೆ ನೋಡುತ್ತ ಕೇಳಿಸಿಕೊಂಡಳು.

"ಮತ್ತೆ ದೊಡ್ಡಪ್ಪ ಯಾಕೆ ಹಾಗಂದ್ರು?"

"ನಿನ್ನ ಮುಂದೆ ನನಗೆ ಅವಮಾನ ಆಗಬಾರದು ಅಂತ."

ನಿಜ ಹೇಳಿದೆಯಲ್ಲ ಅಪ್ಪ, ನೀನೇ ಒಳ್ಳೆಯವನು ಎಂದು ಈಗ ಹೇಳುತ್ತಾಳೆ ಎಂದುಕೊಂಡೆ. ಸುಳ್ಳೇಕೆ, ಆ ಮಾತಿಗೆ ತಕ್ಕ ಮುಖವನ್ನೂ ಸಿದ್ಧಮಾಡಿಕೊಂಡಿದ್ದೆ.

ಚಿತ್ರಾ ಸೀಟಿನ ಮೇಲೆ ಮೊಣಕಾಲೂರಿ, ಪಕ್ಕದ ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಿಂದೆ ಬರುತ್ತಿದ್ದ ಜೀಪನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೂದಲು ಸರಿ ಮಾಡಿಕೊಂಡು ಕೂತು, "ದೊಡ್ಡಪ್ಪ ಎಷ್ಟು ಒಳ್ಳೇವ್ರು ಅಲ್ವಾ ಅಪ್ಪ?" ಎಂದಳು.

ಹೌದು ಎನ್ನಬೇಕಿತ್ತು, ಒಂದೇ ಪದ. ಅದನ್ನು ಹೇಳುವಷ್ಟರಲ್ಲಿ ಕೋಲಾರ ಬಂದಿತ್ತು.